ನಲವತ್ತನೆಯ ನಡೆ ದಾಟಿದ ಮೇಲೆ: ಬಾಗಲಕೋಟೆಯಿಂದ ರೇಟೆಡ್ ಚೆಸ್ ಟೂರ್ನಿಗೆ ಹೊರಡುವವರಿಗೆ

ಬೆಳಗಾವಿಯಿಂದ ಬಾಗಲಕೋಟೆಗೆ ಬರುವ ರಾತ್ರಿ ಬಸ್ಸಿನಲ್ಲಿ ಯರಗಟ್ಟಿಯಿಂದ ಲೋಕಾಪುರದವರೆಗೂ ನಾನು ಆಟದ ನಡೆಗಳನ್ನು ಬರೆದ ಒಂದೇ ಹಾಳೆಯನ್ನು, ಸ್ಕೋರ್‌ಶೀಟನ್ನು, ಮಡಚುತ್ತ ಬಿಚ್ಚುತ್ತ ಕೂತಿದ್ದೆ. ಐದನೆಯ ಸುತ್ತಿನ ಆಟ. ಎದುರಿಗೆ ಸಾಂಗ್ಲಿ ಕಡೆಯ ಹಿರಿಯರೊಬ್ಬರು. ಅವರಿಗೆ ಒಂದು ಆನೆ, ಒಂದು ಪ್ಯಾದೆ. ನನಗೆ ಬರೀ ಆನೆ. ಮೂರು ತಾಸು ಹಲ್ಲು ಕಚ್ಚಿ ಹಿಡಿದುಕೊಂಡಿದ್ದ ಆಟವನ್ನು ಕೊನೆಯ ಮೂರು ನಡೆಗಳಲ್ಲಿ ಕೈಬಿಟ್ಟೆ. ಕೈ ಕುಲುಕಿದ ಮೇಲೆ ಅವರು ಮರಾಠಿ ಬೆರೆತ ಕನ್ನಡದಲ್ಲಿ ಮೆತ್ತಗೆ ಹೇಳಿದರು: "ಆನಿ ಕೆಳಗ ಒಯ್ಯಬೇಕಿತ್ರಿ. ಹಿಂದಿನಿಂದ ಚೆಕ್ ಕೊಟ್ಕೋತ ಕೂತಿದ್ರ ಡ್ರಾ ಇತ್ತು."

ಆ ಸ್ಥಿತಿ ಡ್ರಾ ಎನ್ನುವುದು 18ನೇ ಶತಮಾನದಿಂದ ಲೋಕಕ್ಕೆಲ್ಲ ಗೊತ್ತು. ನನಗೆ ಗೊತ್ತಿರಲಿಲ್ಲ. ಆದರೆ ಆ ಟೂರ್ನಿಗೆ ಹೋಗುವ ಮುನ್ನ ಎರಡು ತಿಂಗಳು ಸಿಸಿಲಿಯನ್ ಡಿಫೆನ್ಸ್ ಎಂಬ ಓಪನಿಂಗನ್ನು ಹದಿನಾರನೆಯ ನಡೆಯವರೆಗೆ ಬಾಯಿಪಾಠ ಮಾಡಿದ್ದೆ. ಐದು ಸುತ್ತಿನಲ್ಲಿ ಒಬ್ಬರೂ ನನ್ನ ಜೊತೆ ಎಂಟನೆಯ ನಡೆಯಾಚೆ ಅದನ್ನು ಆಡಲಿಲ್ಲ.

ನಮ್ಮ ಭಾಗದಲ್ಲಿ ಊರಿಗೊಬ್ಬ ಗ್ರ್ಯಾಂಡ್‌ಮಾಸ್ಟರ್ ಕೋಚ್ ಸಿಗುವುದಿಲ್ಲ. ಸಿಕ್ಕರೂ ತಿಂಗಳ ಫೀ ಕೇಳಿ ಮನೆಯವರು ಹೌಹಾರುತ್ತಾರೆ. ಅಂಥವರಿಗೆ ಎಂಡ್‌ಗೇಮ್, ಅಂದರೆ ಕೆಲವೇ ಕಾಯಿ ಉಳಿದ ಆಟದ ಕೊನೆಯ ಹಂತ, ಹೊಲದ ಬದುವಿನಲ್ಲೇ ಇರುವ ಬಾವಿ. ಅಲ್ಲಿಯ ಸತ್ಯಗಳು ಬದಲಾಗುವುದಿಲ್ಲ, ಹಣ ಬೇಡ, ಏಳೆಂಟು ಸ್ಥಿತಿಗಳನ್ನು ಕೈಗೆ ಹತ್ತಿಸಿಕೊಂಡರೆ ಸಾಕು. ಟೂರ್ನಿ ಆಡುವ ವಿಧಾನವನ್ನು ನಾನು ಇಲ್ಲಿ ಎಂಟ್ರಿಯಿಂದ ಹಿಡಿದು ಹೇಳುತ್ತೇನಾದರೂ ಒತ್ತು ಎಲ್ಲಿದೆ ಎಂಬುದನ್ನು ಮೊದಲೇ ತಿಳಿಸಿಬಿಟ್ಟಿದ್ದೇನೆ.

ಹೆಸರುಗಳ ಬಗ್ಗೆ ಒಂದು ಮಾತು. ಬೆಳಗಾವಿಯ ಬ್ಯಾನರುಗಳಲ್ಲಿ 'ಬುದ್ಧಿಬಳ' ಎಂದಿರುತ್ತದೆ, ನಮ್ಮಲ್ಲಿ 'ಚದುರಂಗ', ಬಾಯಲ್ಲಿ ಎಲ್ಲರಿಗೂ 'ಚೆಸ್'. ರೂಕ್‌ಗೆ ಆನೆ, ಬಿಷಪ್‌ಗೆ ಒಂಟೆ, ನೈಟ್‌ಗೆ ಕುದುರೆ, ಕ್ವೀನ್‌ಗೆ ವಜೀರ, ಪಾನ್‌ಗೆ ಪ್ಯಾದೆ ಎಂದೇ ಬರೆಯುತ್ತೇನೆ. ಮನೆಗಳ ಹೆಸರು ಬಿಳಿಯ ಎಡಗೈ ಮೂಲೆಯ ಎ1ರಿಂದ ಎಚ್8ರವರೆಗೆ. ಬಾಗಲಕೋಟೆಯ ನವನಗರದಲ್ಲಿ ಸೆಕ್ಟರ್ ನಂಬರ್ ಹೇಳಿದರೆ ಆಟೋದವರು ಸೀದಾ ಮನೆಗೆ ಬಿಡುತ್ತಾರಲ್ಲ, ಇದೂ ಹಾಗೆಯೇ; ನಾಲ್ಕು ದಿನ ಓಡಾಡಿದರೆ ವಿಳಾಸ ಬಾಯಿಗೆ ಬರುತ್ತದೆ.

ಎಂಟ್ರಿ ಕೊಡುವ ಮುನ್ನ

ರೇಟೆಡ್ ಟೂರ್ನಿ, ಅಂದರೆ ಆಟಗಾರರ ಬಲ ಅಳೆಯುವ ರೇಟಿಂಗ್ ಅಂಕಕ್ಕೆ ಫಲಿತಾಂಶ ಸೇರುವ ಟೂರ್ನಿ, ಆಡಲು ಅಖಿಲ ಭಾರತ ಚೆಸ್ ಫೆಡರೇಷನ್‌ನಲ್ಲಿ ಆಟಗಾರರಾಗಿ ನೋಂದಣಿ ಬೇಕು. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ಐಡಿ ಬರುವುದೂ ಅದರ ಮೂಲಕವೇ. ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಹೆಸರಿನ ಸ್ಪೆಲ್ಲಿಂಗ್ ಮತ್ತು ಹುಟ್ಟಿದ ದಿನಾಂಕ ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ವಯೋಮಿತಿ ಬಹುಮಾನದ ಹೊತ್ತಿಗೆ ಇದೇ ತಕರಾರಾಗುವುದು.

ಟೂರ್ನಿಯ ಪ್ರಾಸ್ಪೆಕ್ಟಸ್ ಕೈಗೆ ಬಂದಾಗ ನಮ್ಮವರ ಕಣ್ಣು ಮೊದಲು ಹೋಗುವುದು ಬಹುಮಾನದ ಪಟ್ಟಿಗೆ. ಅದು ಆಮೇಲಾಗಲಿ. ಮೊದಲು ಸಮಯದ ಲೆಕ್ಕ ನೋಡಿ. '90 ನಿಮಿಷ + 30 ಸೆಕೆಂಡ್' ಎಂದರೆ ಒಬ್ಬೊಬ್ಬರಿಗೆ ಒಂದೂವರೆ ತಾಸು, ಜೊತೆಗೆ ಪ್ರತಿ ನಡೆಗೆ ಅರ್ಧ ನಿಮಿಷ. ಇಂಥ ಆಟ ಮೂರು, ನಾಲ್ಕು ತಾಸು ಎಳೆಯಬಹುದು. ದಿನಕ್ಕೆ ಎರಡು ಸುತ್ತಿದ್ದರೆ ಎರಡನೆಯದು ಮುಗಿಯುವಾಗ ನಿಮ್ಮ ಊರಿನ ಕೊನೆಯ ಬಸ್ ಹೋಗಿರುತ್ತದೆ. ಬಾಗಲಕೋಟೆಯವರು ವಿಜಯಪುರದ ಟೂರ್ನಿಗೆ ಬೆಳಗ್ಗೆ ಹೋಗಿ ರಾತ್ರಿ ಬರಬಹುದು. ಬೆಳಗಾವಿಗೆ ಆ ಸಾಹಸ ಬೇಡ, ಒಂದು ರೂಮು ಮಾಡಿ. ಆಮೇಲೆ 'ಡಿಫಾಲ್ಟ್ ಸಮಯ' ನೋಡಿ. ಎಷ್ಟು ನಿಮಿಷ ತಡವಾದರೆ ಆಟ ಸೋತಂತೆ ಎಂದು ಅಲ್ಲಿ ಬರೆದಿರುತ್ತಾರೆ. ಒಂದು ಸುತ್ತು ಬಿಡಬೇಕಾದರೆ ಅರ್ಧ ಅಂಕದ ಬೈ (ಆಡದೆಯೇ ಸಿಗುವ ಅಂಕ) ಕೊಡುತ್ತಾರೋ ಇಲ್ಲವೋ, ಕೊಟ್ಟರೆ ಎಷ್ಟು ಮುಂಚೆ ಕೇಳಬೇಕು ಎಂಬುದೂ ಅಲ್ಲೇ ಇರುತ್ತದೆ.

ರೇಟಿಂಗ್ ಇಲ್ಲದವರಿಗೆ: ರೇಟಿಂಗ್ ಇರುವವರ ಎದುರು ಕನಿಷ್ಠ 5 ಆಟ ಲೆಕ್ಕಕ್ಕೆ ಬರಬೇಕು, ಒಂದೇ ಟೂರ್ನಿಯಲ್ಲಿ ಆಗಬೇಕೆಂದಿಲ್ಲ. 2024ರ ಮಾರ್ಚ್‌ನಿಂದ ಫಿಡೆ ರೇಟಿಂಗಿನ ಕೆಳಮಿತಿ 1400. ಮೊದಲ ಟೂರ್ನಿಯಲ್ಲಿ ಪೂರ್ತಿ ಸೊನ್ನೆ ಬಂದರೆ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಹೆದರಬೇಡಿ.

ರೇಟಿಂಗ್ ಪಟ್ಟಿಗೆ ಹೊಸದಾಗಿ ಬಂದವರಿಗೆ 30 ಆಟ ಮುಗಿಯುವ ತನಕ ಕೆ ಅಂಶ (ಒಂದು ಆಟದಿಂದ ರೇಟಿಂಗ್ ಎಷ್ಟು ಏರಿಳಿಯುತ್ತದೆಂದು ಹೇಳುವ ಗುಣಕ) 40. ಹದಿನೆಂಟು ತುಂಬದ ಮಕ್ಕಳಿಗೆ 2300ಕ್ಕಿಂತ ಕೆಳಗಿರುವಷ್ಟು ದಿನವೂ ಅದೇ. ಸರಳವಾಗಿ ಹೇಳುವುದಾದರೆ ನಿಮ್ಮಷ್ಟೇ ರೇಟಿಂಗಿನವರನ್ನು ಗೆದ್ದರೆ 20 ಅಂಕ ಏರುತ್ತದೆ, ಡ್ರಾ ಆದರೆ ಇದ್ದಲ್ಲೇ, ಸೋತರೆ 20 ಇಳಿಯುತ್ತದೆ. ಎದುರಾಳಿ ಯಾರೇ ಇರಲಿ, ಡ್ರಾ ಆಗಬೇಕಿದ್ದ ಆಟ ಸೋತರೆ ನಡುವಿನ ಅಂತರ 40ರ ಅರ್ಧ, ಅಂದರೆ 20. ಆ ಬಸ್ಸಿನಲ್ಲಿ ನಾನು ಮಡಚುತ್ತಿದ್ದ ಕಾಗದದ ಬೆಲೆ ಅದು.

ಹಾಲಿನೊಳಗೆ

ಪೆನ್ನು ಎರಡು ಇರಲಿ. ನೀರಿನ ಬಾಟಲಿ ಇರಲಿ. ಎರಡು ಸುತ್ತಿನ ನಡುವೆ ಹೊಟ್ಟೆ ಬಿರಿಯುವಂತೆ ಉಣ್ಣಬೇಡಿ. ಒಂದು ರೊಟ್ಟಿ, ಸ್ವಲ್ಪ ಮೊಸರನ್ನ, ಬಾಳೆಹಣ್ಣು ಸಾಕು. ಮಧ್ಯಾಹ್ನದ ಸುತ್ತಿನಲ್ಲಿ ಮೂವತ್ತನೆಯ ನಡೆಗೆ ತೂಕಡಿಸುವವರನ್ನು ಪ್ರತಿ ಟೂರ್ನಿಯಲ್ಲೂ ನೋಡುತ್ತೇನೆ. ಮೊಬೈಲನ್ನು ರೂಮಿನಲ್ಲೋ ಹೊರಗೆ ಕೂತ ಅಪ್ಪನ ಕೈಯಲ್ಲೋ ಬಿಟ್ಟು ಬನ್ನಿ. ಆರ್ಬಿಟರ್ (ಟೂರ್ನಿಯ ತೀರ್ಪುಗಾರ) ಒಪ್ಪಿದರೆ ಮಾತ್ರ ಪೂರ್ತಿ ಆಫ್ ಮಾಡಿ ಬ್ಯಾಗಿನಲ್ಲಿಡಬಹುದು. ಜೇಬಿನಲ್ಲಿ ಸಿಕ್ಕರೆ ಆಟ ಹೋಯಿತು, ಅದು ಸುಮ್ಮನಿತ್ತೋ ಮೊಳಗಿತೋ ಎಂದು ಕೇಳುವವರಿಲ್ಲ. ಸ್ಮಾರ್ಟ್ ವಾಚ್‌ಗೂ ಇದೇ ನ್ಯಾಯ.

ಜೋಡಿಗಳು ಸ್ವಿಸ್ ಪದ್ಧತಿಯಲ್ಲಿ ಬೀಳುತ್ತವೆ. ನಿಮ್ಮಷ್ಟೇ ಅಂಕ ಇರುವವರ ಜೊತೆ ನಿಮ್ಮನ್ನು ಕೂರಿಸುತ್ತಾರೆ, ಒಬ್ಬರ ಜೊತೆ ಎರಡು ಸಲ ಬೀಳುವುದಿಲ್ಲ, ಬಣ್ಣವನ್ನು ಆದಷ್ಟು ಸರಿದೂಗಿಸುತ್ತಾರೆ. ಹಾಗಾಗಿ ಮೊದಲ ಸುತ್ತಿನಲ್ಲೇ 2000ದವರು ಸಿಕ್ಕಿದರೆ ಅಳಬೇಡಿ. ಸೋತರೆ ಮುಂದಿನ ಸುತ್ತು ನಿಮ್ಮ ಅಳತೆಯದೇ ಬರುತ್ತದೆ. ಅಂಕ ಸಮವಾದಾಗ ನೋಡುವ ಬುಕೋಲ್ಜ್ ಎಂದರೆ ನಿಮ್ಮ ಎದುರಾಳಿಗಳ ಅಂಕಗಳ ಮೊತ್ತ. ಅದು ನಿಮ್ಮ ಕೈಯಲ್ಲಿಲ್ಲ. ಪ್ರತಿ ಸುತ್ತು ಮುಗಿದ ಕೂಡಲೇ ಚೆಸ್ ರಿಸಲ್ಟ್ಸ್ ವೆಬ್‌ಸೈಟ್ ತೆರೆದು ಅದನ್ನು ಗುಣಿಸುವ ಅಪ್ಪಂದಿರಿಗೆ ನನ್ನದೊಂದು ವಿನಂತಿ: ಆ ಹೊತ್ತಿನಲ್ಲಿ ಮಗುವಿಗೆ ಚಹಾ ಕುಡಿಸಿ.

ನಿಯಮಗಳಲ್ಲಿ ಎಂಡ್‌ಗೇಮ್‌ನಲ್ಲಿ ಕೈಕೊಡುವಂಥವನ್ನು ಮಾತ್ರ ಹೇಳುತ್ತೇನೆ, ಉಳಿದದ್ದನ್ನು ಆಡುತ್ತ ಕಲಿಯುತ್ತೀರಿ.

ಪ್ಯಾದೆ ಎಂಟನೆಯ ಸಾಲಿಗೆ ಹೋದಾಗ ಪಕ್ಕದಲ್ಲಿ ವಜೀರ ಇಲ್ಲದಿದ್ದರೆ ಆನೆಯನ್ನು ತಲೆಕೆಳಗು ಇಟ್ಟು 'ಇದು ವಜೀರ' ಎನ್ನುವುದು ಮನೆಯ ಆಟ. ಟೂರ್ನಿಯಲ್ಲಿ ತಲೆಕೆಳಗಿನ ಆನೆ ಆನೆಯೇ. ಗಡಿಯಾರ ನಿಲ್ಲಿಸಿ, ಆರ್ಬಿಟರನ್ನು ಕರೆದು, ವಜೀರ ತರಿಸಿ. ಪ್ಯಾದೆಯನ್ನು ಹಾಗೆಯೇ ಬಿಟ್ಟು ಗಡಿಯಾರ ಒತ್ತಿದರೆ ಅದು ನಿಯಮಬಾಹಿರ ನಡೆ. ಮೊದಲ ಸಲಕ್ಕೆ ಎದುರಾಳಿಗೆ 2 ನಿಮಿಷ ಹೆಚ್ಚು, ಎರಡನೆಯ ಸಲಕ್ಕೆ ಆಟವೇ ಹೋಗುತ್ತದೆ.

ಒಂದೇ ಸ್ಥಿತಿ ಮೂರನೆಯ ಸಲ ಬರುವುದಿದ್ದರೆ ಡ್ರಾ ಕೇಳಬಹುದು. ಆದರೆ ಕೇಳುವ ಕ್ರಮವಿದೆ. ಆ ನಡೆಯನ್ನು ಬೋರ್ಡಿನ ಮೇಲೆ ಆಡಬಾರದು. ಸ್ಕೋರ್‌ಶೀಟಿನಲ್ಲಿ ಬರೆದು, ಗಡಿಯಾರ ನಿಲ್ಲಿಸಿ, ಆರ್ಬಿಟರಿಗೆ ಹೇಳಬೇಕು. ಆಡಿ ಗಡಿಯಾರ ಒತ್ತಿದರೆ ಹಕ್ಕು ಎದುರಾಳಿಗೆ ಹೋಯಿತು. ತಪ್ಪಾಗಿ ಕೇಳಿದರೆ ಎದುರಾಳಿಗೆ 2 ನಿಮಿಷ ಸಿಗುತ್ತದೆ. ಪ್ಯಾದೆ ಕದಲದೆ, ಯಾವ ಕಾಯಿಯೂ ಹೊಡೆತಕ್ಕೆ ಸಿಗದೆ ಇಬ್ಬರದೂ 50 ನಡೆ ಕಳೆದರೂ ಇದೇ ದಾರಿ. ಸ್ಕೋರ್‌ಶೀಟ್ ಸರಿಯಾಗಿ ಬರೆಯದವರಿಗೆ ಈ ಎರಡೂ ದಾರಿ ಬಂದ್. 30 ಸೆಕೆಂಡ್ ಸೇರುವ ಆಟದಲ್ಲಿ ಗಡಿಯಾರದಲ್ಲಿ ಎಷ್ಟೇ ಕಡಿಮೆ ಇರಲಿ, ಕೊನೆಯ ನಡೆಯವರೆಗೆ ಬರೆಯಲೇಬೇಕು.

ಮುಟ್ಟಿದ ಕಾಯಿಯನ್ನು ಆಡಲೇಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಎಂಡ್‌ಗೇಮ್‌ನಲ್ಲಿ ಅದು ಬೇರೆ ಥರ ಕಚ್ಚುತ್ತದೆ: ಅಲ್ಲಿ ಬಹಳ ಸಲ ರಾಜ ಒಂದೇ ಒಂದು ಮನೆಗೆ ಹೋದರೆ ಡ್ರಾ, ಪಕ್ಕದ ಮನೆಗೆ ಹೋದರೆ ಸೋಲು. ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಯೋಚಿಸುವುದು ನನ್ನ ರೂಢಿ. ನೋಡಿದವರು ನಗುತ್ತಾರೆ, ನಗಲಿ.

ಸಮಯವನ್ನು ಕೊನೆಗೆ ಉಳಿಸುವುದು

90+30 ಆಟದಲ್ಲಿ ನಾನು ಹಾಕಿಕೊಂಡ ಲೆಕ್ಕ ಇಷ್ಟು: ಹದಿನೈದನೆಯ ನಡೆಗೆ ಗಡಿಯಾರದಲ್ಲಿ 75 ನಿಮಿಷಕ್ಕಿಂತ ಕೆಳಗಿರಬಾರದು, ನಲವತ್ತನೆಯ ನಡೆಗೆ ಕನಿಷ್ಠ 20 ನಿಮಿಷ ಉಳಿದಿರಬೇಕು. ನಲವತ್ತು ನಡೆಗೆ ಸೇರುವ ಅರ್ಧ ಅರ್ಧ ನಿಮಿಷವೇ 20 ನಿಮಿಷ ಆಗುತ್ತದೆ. ಅದನ್ನು ಮುಟ್ಟದ ಗಂಟು ಎಂದುಕೊಳ್ಳಿ.

ಇದರಲ್ಲಿ ಒಂದು ನಡೆಗೆ ಮಾತ್ರ ಎಷ್ಟು ಸಮಯ ಕೊಟ್ಟರೂ ನಷ್ಟವಿಲ್ಲ. ಕೊನೆಯ ದೊಡ್ಡ ಕಾಯಿಗಳನ್ನು ಬದಲಿಸಿ ಬರೀ ರಾಜ ಮತ್ತು ಪ್ಯಾದೆಗಳ ಆಟಕ್ಕೆ ಇಳಿಯುವ ನಡೆ ಅದು. ಅದಾದ ಮೇಲೆ ಹಿಂದಿರುಗುವ ದಾರಿ ಇಲ್ಲ. 2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ವಿಶ್ವ ಚಾಂಪಿಯನ್‌ಷಿಪ್‌ನ 14ನೆಯ, ಕೊನೆಯ ಆಟ, ಇಬ್ಬರಿಗೂ 6.5 ಅಂಕ. ಆಗಿನ ಚಾಂಪಿಯನ್, ಚೀನಾದ ಡಿಂಗ್ ಲಿರೆನ್ ಬಿಳಿ, ನಮ್ಮ ಗುಕೇಶ್ ಕರಿ. ಇಬ್ಬರಿಗೂ ಒಂದೊಂದು ಆನೆ, ಒಂದೊಂದು ಒಂಟೆ. ಗುಕೇಶ್‌ಗೆ ಒಂದು ಪ್ಯಾದೆ ಹೆಚ್ಚು. ಸರಿಯಾಗಿ ಆಡಿದ್ದರೆ ಡ್ರಾ ಆಗುವ ಸ್ಥಿತಿ. 55ನೆಯ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದು ಬದಲಾವಣೆಗೆ ಒಡ್ಡಿದರು. ಗುಕೇಶ್ ಆನೆ ಹೊಡೆದರು, ರಾಜ ತಿರುಗಿ ಹೊಡೆಯಿತು, ಕೂಡಲೇ ಕರಿಯ ಒಂಟೆ ಡಿ5ಕ್ಕೆ ಬಂತು. ಡಿಂಗ್ ಅವರ ಒಂಟೆ ದೂರದ ಮೂಲೆಯಲ್ಲಿ ಕೂತಿತ್ತು, ತಪ್ಪಿಸಿಕೊಳ್ಳಲು ಮನೆಯೇ ಇರಲಿಲ್ಲ. ಒಂಟೆಗಳೂ ಹೋದವು, ಉಳಿದದ್ದು ರಾಜ ಮತ್ತು ಪ್ಯಾದೆ, ಒಂದು ಪ್ಯಾದೆಯ ಕೊರತೆ. 58ನೆಯ ನಡೆಗೆ ಆಟ ಮುಗಿಯಿತು, ಹದಿನೆಂಟರ ಹುಡುಗ ವಿಶ್ವ ಚಾಂಪಿಯನ್ ಆದ.

ಅಷ್ಟು ದೊಡ್ಡವರೇ ಎಡವಿದರು ಎಂದು ಸಮಾಧಾನಪಡಲು ಈ ಕತೆ ಹೇಳಲಿಲ್ಲ. ಅವರು ಆನೆಗಳ ಬದಲಾವಣೆ ಲೆಕ್ಕ ಹಾಕಿದರು, ಅದರ ಬೆನ್ನಿಗೇ ಬರುವ ಒಂಟೆಗಳ ಬದಲಾವಣೆಯನ್ನು ಬಿಟ್ಟರು. ನಾವೂ ಮಾಡುವುದು ಅದನ್ನೇ, ಹತ್ತು ಪಟ್ಟು ಹೆಚ್ಚು. ಆದ್ದರಿಂದ ಯಾವುದೇ ಬದಲಾವಣೆಗೆ ಮುನ್ನ ಬೋರ್ಡಿನಿಂದ ಆ ಕಾಯಿಗಳನ್ನು ಮನಸ್ಸಿನಲ್ಲೇ ಎತ್ತಿಡಿ, ಆಮೇಲೆ ಉಳಿದ ಕಾಯಿಗಳನ್ನೂ ಎತ್ತಿಡಿ, ಬರೀ ರಾಜ ಮತ್ತು ಪ್ಯಾದೆಗಳನ್ನು ನೋಡಿ, ಯಾರು ಗೆಲ್ಲುತ್ತಾರೆಂದು ಎಣಿಸಿ. ಪ್ಯಾದೆ ಹೆಚ್ಚಿದ್ದವರು ಕಾಯಿ ಬದಲಿಸಲಿ, ಕಡಿಮೆ ಇದ್ದವರು ಪ್ಯಾದೆ ಬದಲಿಸಲಿ. ಈ ಹಳೆಯ ಮಾತಿಗೆ ಅಪವಾದಗಳಿವೆ, ಆದರೆ ನಮ್ಮ ಮಟ್ಟದಲ್ಲಿ ಅವು ಬಹಳ ಸಿಗುವುದಿಲ್ಲ.

ಮೊದಲ ವಾರ: ರಾಜ ಮತ್ತು ಒಂದು ಪ್ಯಾದೆ

ಮನೆಯಲ್ಲಿ ಕಲಿಯುವಾಗ ಮೊಬೈಲ್ ಪರದೆ ಬೇಡ. ಟೂರ್ನಿಯಲ್ಲಿ ಕಣ್ಣು ನೋಡುವುದು ಮರದ, ಪ್ಲಾಸ್ಟಿಕ್ಕಿನ ಕಾಯಿಗಳನ್ನು; ಅಭ್ಯಾಸವೂ ಅವುಗಳ ಮೇಲೆಯೇ ಆಗಲಿ.

ಮೊದಲು ಈ ಸ್ಥಿತಿ ಇಡಿ. ಬಿಳಿ ರಾಜ ಇ5, ಬಿಳಿ ಪ್ಯಾದೆ ಇ4, ಕರಿ ರಾಜ ಇ7. ಎರಡು ರಾಜರ ನಡುವೆ ಒಂದೇ ಮನೆ. ಯಾರ ಸರದಿಯೋ ಅವರಿಗೆ ಸಂಕಟ. ಕರಿಯ ಸರದಿಯಾದರೆ ಬಿಳಿ ಗೆಲ್ಲುತ್ತದೆ: ಕರಿ ರಾಜ ಡಿ7ಕ್ಕೆ ಸರಿದರೆ ಬಿಳಿ ರಾಜ ಎಫ್6ಕ್ಕೆ ನುಗ್ಗುತ್ತದೆ, ಎಫ್7ಕ್ಕೆ ಸರಿದರೆ ಡಿ6ಕ್ಕೆ. ಬಿಳಿಯ ಸರದಿಯಾದರೆ ಡ್ರಾ. ಇದನ್ನು ಆಪೊಸಿಷನ್ ಎನ್ನುತ್ತಾರೆ. ನಮ್ಮ ಹುಡುಗರಿಗೆ ನಾನು 'ಎದುರುಬದುರು' ಎಂದು ಹೇಳಿಕೊಡುತ್ತೇನೆ. ಗಲ್ಲಿಯಲ್ಲಿ ಎರಡು ಗೂಳಿ ಎದುರುಬದುರು ನಿಂತಾಗ ಮೊದಲು ಪಕ್ಕಕ್ಕೆ ಸರಿದದ್ದು ದಾರಿ ಬಿಟ್ಟಂತೆ.

ಪ್ಯಾದೆಯನ್ನು ಇ4ರ ಬದಲು ಇ3ರಲ್ಲಿಟ್ಟು, ಬಿಳಿಯ ಸರದಿ ಎನ್ನಿ. ಈಗ ಬಿಳಿ ಪ್ಯಾದೆಯನ್ನು ಇ4ಕ್ಕೆ ದೂಡಿ ಸರದಿಯನ್ನು ಕರಿಗೆ ಒಪ್ಪಿಸುತ್ತದೆ, ಗೆಲ್ಲುತ್ತದೆ. ಪ್ಯಾದೆಯನ್ನು ಅವಸರದಿಂದ ಮುಂದೆ ಓಡಿಸಬಾರದು, ರಾಜ ಮುಂದೆ, ಪ್ಯಾದೆ ಹಿಂದೆ ಎನ್ನುವುದು ಇದಕ್ಕಾಗಿಯೇ. ಆ ಉಳಿಸಿಟ್ಟ ಒಂದು ನಡೆ ತುರ್ತಿಗೆ ಬಂಗಾರ.

ಇನ್ನು ಉಳಿಸಿಕೊಳ್ಳುವವರ ಕಡೆಯಿಂದ. ಬಿಳಿ ರಾಜ ಡಿ5, ಪ್ಯಾದೆ ಇ6, ಕರಿ ರಾಜ ಇ7, ಕರಿಯ ಸರದಿ. ಕರಿ ರಾಜ ನೇರ ಹಿಂದಕ್ಕೆ ಇ8ಕ್ಕೇ ಹೋಗಬೇಕು. ಬಿಳಿ ರಾಜ ಡಿ6ಕ್ಕೆ ಬಂದರೆ ಡಿ8ಕ್ಕೆ ಸರಿದು ಎದುರು ನಿಲ್ಲಬೇಕು. ಆಮೇಲೆ ಪ್ಯಾದೆ ಇ7, ಚೆಕ್. ಕರಿ ರಾಜ ಇ8. ಬಿಳಿ ರಾಜ ಇ6ಕ್ಕೆ ಬಂದರೆ ಸ್ಟೇಲ್‌ಮೇಟ್ (ಚೆಕ್ ಇಲ್ಲ, ಆಡಲು ನಡೆಯೂ ಇಲ್ಲ, ಆಟ ಡ್ರಾ), ಬರದಿದ್ದರೆ ಪ್ಯಾದೆ ಹೋಯಿತು. ಮೊದಲಿಗೇ ಡಿ8ಕ್ಕೋ ಎಫ್8ಕ್ಕೋ ಹೋದರೆ ಸೋಲು. ಈ ಒಂದು ಹೆಜ್ಜೆಯನ್ನು ಹತ್ತು ವರ್ಷದ ಮಕ್ಕಳು ಬಾಯಲ್ಲಿ ಸರಿಯಾಗಿ ಹೇಳುತ್ತಾರೆ, ಗಡಿಯಾರದಲ್ಲಿ ಎರಡು ನಿಮಿಷ ಇದ್ದಾಗ ತಪ್ಪಾಗಿ ಆಡುತ್ತಾರೆ. ಅದಕ್ಕೇ ಇದನ್ನು ಇಪ್ಪತ್ತು ಸಲ, ಗಡಿಯಾರ ಇಟ್ಟುಕೊಂಡೇ ಆಡಿ.

ಬಿಳಿ ರಾಜ ಇ6, ಪ್ಯಾದೆ ಇ5, ಕರಿ ರಾಜ ಇ8 ಇದ್ದರೆ ಮಾತ್ರ ಸರದಿ ಯಾರದಾದರೂ ಬಿಳಿಗೆ ಗೆಲುವು. ರಾಜ ತನ್ನ ಪ್ಯಾದೆಗಿಂತ ಮುಂದೆ ಆರನೆಯ ಸಾಲಿಗೆ ಹೋಗಿಬಿಟ್ಟರೆ ವಾದವಿಲ್ಲ. ಎ ಮತ್ತು ಎಚ್ ಸಾಲಿನ ಅಂಚಿನ ಪ್ಯಾದೆಗಳಿಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಕರಿ ರಾಜ ಮೂಲೆಗೆ ಸೇರಿದರೆ ಡ್ರಾ.

ಅಂಚಿನ ಪ್ಯಾದೆಯ ಮಾತು ಬಂದದ್ದರಿಂದ ಇನ್ನೊಂದು. ಜೊತೆಗೆ ಒಂಟೆ ಇದ್ದೂ ಡ್ರಾ ಆಗುವ ಸ್ಥಿತಿ ಇದೆ. ಪ್ಯಾದೆ ವಜೀರ ಆಗುವ ಮೂಲೆಯ ಮನೆ ಒಂಟೆ ಓಡಾಡುವ ಮನೆಗಳ ಬಣ್ಣದ್ದಲ್ಲದಿದ್ದರೆ, ಕರಿ ರಾಜ ಆ ಮೂಲೆ ಹಿಡಿದರೆ ಸಾಕು. ಎಚ್8 ಕಪ್ಪು ಮನೆ, ಎ8 ಬಿಳಿ ಮನೆ. ಆದ್ದರಿಂದ ಬಿಳಿಯ ಎಚ್ ಪ್ಯಾದೆಗೆ ಕಪ್ಪು ಮನೆಯ ಒಂಟೆ ಬೇಕು, ಎ ಪ್ಯಾದೆಗೆ ಬಿಳಿ ಮನೆಯದು. ಸೋಲುವ ಆಟದಲ್ಲಿ ಈ ಕಿಂಡಿಯನ್ನು ಹುಡುಕಿ. ನಿಮ್ಮ ಕಾಯಿಯನ್ನು ಬಲಿ ಕೊಟ್ಟಾದರೂ ಎದುರಾಳಿಗೆ ಆ 'ತಪ್ಪು ಒಂಟೆ'ಯನ್ನೇ ಉಳಿಸಿ.

ಓಡುವ ಪ್ಯಾದೆಯನ್ನು ರಾಜ ಹಿಡಿಯಬಲ್ಲದೇ ಎಂದು ಎಣಿಸಲು ಚೌಕದ ಲೆಕ್ಕ. ಪ್ಯಾದೆ ಎ4ರಲ್ಲಿದ್ದರೆ ಎ4, ಎ8, ಇ8, ಇ4 ನಾಲ್ಕು ಮೂಲೆಯ ಚೌಕ ಎಳೆಯಿರಿ. ತನ್ನ ಸರದಿಯಲ್ಲಿ ಆ ಚೌಕದೊಳಗೆ ಕಾಲಿಡಬಲ್ಲ ರಾಜ ಪ್ಯಾದೆಯನ್ನು ಹಿಡಿಯುತ್ತದೆ. ಪ್ಯಾದೆ ತನ್ನ ಮೊದಲ ಮನೆಯಲ್ಲೇ ಇದ್ದರೆ ಎರಡು ಮನೆ ಹಾರಬಹುದಾದ್ದರಿಂದ ಒಂದು ಮನೆ ಮುಂದಿದೆ ಎಂದೇ ಲೆಕ್ಕ ಹಾಕಿ.

ಈ ಲೆಕ್ಕ ಚೆನ್ನಾಗಿ ಕೂತ ಮೇಲೆ ಅದನ್ನು ಮುರಿಯುವ ಸ್ಥಿತಿಯನ್ನು ನೋಡಿ. ರಿಚರ್ಡ್ ರೇಟಿ 1921ರಲ್ಲಿ ಕಟ್ಟಿದ್ದು. ಬಿಳಿ ರಾಜ ಎಚ್8, ಪ್ಯಾದೆ ಸಿ6. ಕರಿ ರಾಜ ಎ6, ಪ್ಯಾದೆ ಎಚ್5. ಬಿಳಿಯ ಸರದಿ. ಬಿಳಿ ರಾಜ ಕರಿ ಪ್ಯಾದೆಯ ಚೌಕದಿಂದ ಎರಡು ಹೆಜ್ಜೆ ಹೊರಗಿದೆ, ತನ್ನ ಪ್ಯಾದೆಯೂ ದೂರ. ಆದರೂ ಡ್ರಾ. ರಾಜ ಜಿ7, ಪ್ಯಾದೆ ಎಚ್4, ರಾಜ ಎಫ್6. ಕರ್ಣದ ಮೇಲೆ ನಡೆಯುವ ರಾಜ ಒಂದೇ ಹೆಜ್ಜೆಯಲ್ಲಿ ಎರಡು ಕೆಲಸ ಮಾಡುತ್ತದೆ: ಕರಿ ಪ್ಯಾದೆಯನ್ನೂ ಅಟ್ಟುತ್ತದೆ, ತನ್ನ ಪ್ಯಾದೆಗೂ ಹತ್ತಿರವಾಗುತ್ತದೆ. ಕರಿ ರಾಜ ಬಿ6ಕ್ಕೆ ಬಂದರೆ ಬಿಳಿ ರಾಜ ಇ5ಕ್ಕೆ. ಈಗ ಕರಿ ಸಿ6 ಹೊಡೆದರೆ ಬಿಳಿ ರಾಜ ಎಫ್4ಕ್ಕೆ ಬಂದು ಪ್ಯಾದೆ ಹಿಡಿಯುತ್ತದೆ; ಎಚ್3ಕ್ಕೆ ದೂಡಿದರೆ ಬಿಳಿ ರಾಜ ಡಿ6ಕ್ಕೆ ಬಂದು ಇಬ್ಬರೂ ವಜೀರ ಮಾಡುತ್ತಾರೆ. ಇದನ್ನು ಮೊದಲ ಸಲ ಬೋರ್ಡಿನ ಮೇಲೆ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆಯವರಿಗೆ ತೋರಿಸಲು ಹೋದೆ, "ನಾಕ ಕಾಯಿಗೆ ಇಷ್ಟ್ಯಾಕ ಕುಣಿತೀರಿ" ಅಂದರು.

ಎರಡನೆಯ, ಮೂರನೆಯ ವಾರ: ಆನೆಗಳು

ಆನೆಗಳ ಎಂಡ್‌ಗೇಮ್ ಉಳಿದೆಲ್ಲಕ್ಕಿಂತ ಹೆಚ್ಚು ಬರುತ್ತದೆ, ಏಕೆಂದರೆ ಆನೆಗಳು ಆಟಕ್ಕೆ ಇಳಿಯುವುದೇ ತಡವಾಗಿ. ಇಲ್ಲಿ ಎರಡೇ ಎರಡು ಸ್ಥಿತಿಗಳ ಮೇಲೆ ಇಡೀ ಮನೆ ನಿಂತಿದೆ.

ಒಂದು ಫಿಲಿಡೋರ್, ನಾನು ಬೆಳಗಾವಿಯಲ್ಲಿ ಸೋತದ್ದು. ಬಿಳಿ ರಾಜ ಡಿ5, ಪ್ಯಾದೆ ಇ5, ಆನೆ ಎಚ್7. ನನ್ನ ಕರಿ ರಾಜ ಇ8, ಆನೆ ಬಿ6. ಇಲ್ಲಿಯವರೆಗೆ ನನಗೇ ಗೊತ್ತಿಲ್ಲದೆ ಸರಿಯಾಗಿ ನಿಂತಿದ್ದೆ: ಆರನೆಯ ಸಾಲಿನಲ್ಲಿ ಆನೆ ಅಡ್ಡಗೋಡೆಯಂತೆ ಇದ್ದರೆ ಬಿಳಿ ರಾಜ ಮುಂದೆ ಬರಲಾರದು. ಬಿಳಿ ಬೇರೆ ದಾರಿಯಿಲ್ಲದೆ ಪ್ಯಾದೆಯನ್ನು ಇ6ಕ್ಕೆ ದೂಡುತ್ತದೆ. ಆ ಕ್ಷಣಕ್ಕೆ ಅಡ್ಡಗೋಡೆಯ ಕೆಲಸ ಮುಗಿಯಿತು. ಆನೆ ಸೀದಾ ಬಿ1ಕ್ಕೆ ಇಳಿಯಬೇಕು. ಬಿಳಿ ರಾಜ ಡಿ6ಕ್ಕೆ ಬಂದರೆ ಡಿ1ರಿಂದ ಚೆಕ್, ಇ5ಕ್ಕೆ ಹೋದರೆ ಇ1ರಿಂದ ಚೆಕ್, ಎಫ್6ಕ್ಕೆ ಓಡಿದರೆ ಎಫ್1ರಿಂದ. ಪ್ಯಾದೆ ತಾನೇ ಮುಂದೆ ಹೋಗಿಬಿಟ್ಟಿರುವುದರಿಂದ ರಾಜನಿಗೆ ಮರೆಯೇ ಇಲ್ಲ.

ನಾನು ಮಾಡಿದ್ದೇನು? ಆನೆಯನ್ನು ಎ6ಕ್ಕೆ ಸರಿಸಿ ಕಾದೆ. ಅವರ ರಾಜ ಇ5ಕ್ಕೆ ಬಂತು. ಆಗಲೂ ಎ1ಕ್ಕೆ ಇಳಿದಿದ್ದರೆ ಡ್ರಾ ಇತ್ತು. ಮತ್ತೆ ಬಿ6ಕ್ಕೆ ಬಂದೆ. ಅವರ ರಾಜ ಎಫ್6ಕ್ಕೆ ಜಾರಿತು, ನಡುವೆ ಇ6ರ ಪ್ಯಾದೆಯೇ ಕೊಡೆಯಾಗಿ ನಿಂತಿತ್ತು. ಗಾಬರಿಯಲ್ಲಿ ಆನೆಯನ್ನು ಬಿ8ಕ್ಕೆ ಎಳೆದೆ. ಎಚ್8ರಲ್ಲಿ ಚೆಕ್‌ಮೇಟ್. ಗೋಡೆ ಯಾವಾಗ ಬಿಡಬೇಕು ಎನ್ನುವುದೇ ಫಿಲಿಡೋರ್‌ನ ಪಾಠವೆಲ್ಲ. ಪ್ಯಾದೆ ಆರನೆಯ ಸಾಲಿಗೆ ಬರುವ ಮೊದಲು ಇಳಿದರೆ ತಪ್ಪು, ಬಂದ ಮೇಲೆ ಕಾದರೆ ತಪ್ಪು.

ಎರಡನೆಯದು ಲುಸೆನಾ. ಇದು ಗೆಲ್ಲುವವರದ್ದು. ಬಿಳಿ ರಾಜ ಜಿ8, ಪ್ಯಾದೆ ಜಿ7, ಆನೆ ಎಫ್1. ಕರಿ ರಾಜ ಇ7, ಆನೆ ಎಚ್2. ಬಿಳಿ ರಾಜ ತನ್ನದೇ ಪ್ಯಾದೆಯ ಮುಂದೆ ಸಿಕ್ಕಿಕೊಂಡಿದೆ, ಹೊರಬಂದರೆ ಚೆಕ್‌ಗಳ ಸುರಿಮಳೆ. ಮೊದಲು ಆನೆ ಇ1, ಚೆಕ್. ಕರಿ ರಾಜ ಡಿ7. ಈಗ ಆನೆ ಇ4ಕ್ಕೆ. ಮೊದಲ ಸಲ ನೋಡಿದವರಿಗೆ ಇದು ಅರ್ಥವೇ ಆಗುವುದಿಲ್ಲ. ಕರಿ ಆನೆ ಎಚ್1ರಲ್ಲಿ ಕಾಯುತ್ತದೆ. ಬಿಳಿ ರಾಜ ಎಫ್7, ಚೆಕ್ ಎಫ್1ರಿಂದ. ರಾಜ ಜಿ6, ಚೆಕ್ ಜಿ1ರಿಂದ. ರಾಜ ಎಫ್6, ಚೆಕ್ ಎಫ್1ರಿಂದ. ರಾಜ ಜಿ5, ಚೆಕ್ ಜಿ1ರಿಂದ. ಆಗ ಆನೆ ಇ4ರಿಂದ ಜಿ4ಕ್ಕೆ ಬಂದು ಚೆಕ್‌ಗೆ ಅಡ್ಡ ನಿಲ್ಲುತ್ತದೆ. ಸೇತುವೆ ಕಟ್ಟಿಯಾಯಿತು, ಪ್ಯಾದೆ ವಜೀರ ಆಗುತ್ತದೆ. ಇದನ್ನು ಜಿ ಸಾಲಿನಲ್ಲಿ ಕಲಿತವರು ಬಿ ಸಾಲಿನಲ್ಲಿ, ಕರಿಯ ಕಡೆಯಿಂದಲೂ ಆಡಿ ನೋಡಿ. ಬೋರ್ಡು ತಿರುಗಿದ ಕೂಡಲೇ ಅರ್ಧ ಜನ ಮರೆಯುತ್ತಾರೆ.

ಆನೆಗಳ ಆಟದಲ್ಲಿ ಏನೂ ತೋಚದಿದ್ದಾಗ ಪ್ಯಾದೆಗೆ ಕಾವಲು ಕೂರುವ ಆನೆಗಿಂತ ಓಡಾಡುವ ಆನೆ ಒಳ್ಳೆಯದು, ಓಡುವ ಪ್ಯಾದೆ ನಿಮ್ಮದಾಗಲಿ ಅವರದಾಗಲಿ ಆನೆ ಅದರ ಹಿಂದೆ ನಿಲ್ಲಲಿ. ಇದಿಷ್ಟರಿಂದಲೇ ಬಹಳ ದೂರ ಹೋಗಬಹುದು. ಬೇರೆ ಬೇರೆ ಬಣ್ಣದ ಮನೆಗಳ ಒಂಟೆಗಳಿದ್ದರೆ ಒಂದು ಪ್ಯಾದೆ, ಕೆಲವು ಸಲ ಎರಡು ಪ್ಯಾದೆ ಕಡಿಮೆಯಿದ್ದರೂ ಕೈಬಿಡಬೇಡಿ. ಒಂಟೆ ಮತ್ತು ಕುದುರೆ ಜೋಡಿಯಿಂದ ಮೇಟ್ ಮಾಡುವುದನ್ನು ಕಲಿಯಲೇಬೇಕೆಂದು ಹೇಳುವವರಿದ್ದಾರೆ. ನನ್ನ ಟೂರ್ನಿ ಜೀವನದಲ್ಲಿ ಅದು ಇನ್ನೂ ಒಮ್ಮೆಯೂ ಬಂದಿಲ್ಲ. ಕೊನೆಗಿಡಿ.

ಆಡಿದ ಆಟವನ್ನು ಬಿಡಿಸುವುದು

ಆಟ ಮುಗಿದ ಮೇಲೆ ಎದುರಾಳಿ ಒಪ್ಪಿದರೆ ಹಾಲಿನ ಹೊರಗೆ ಕೂತು ಹತ್ತು ನಿಮಿಷ ಮಾತಾಡಿ. ಸೋತ ಸಿಟ್ಟಿನಲ್ಲಿ ಎದ್ದು ಹೋಗುವವರು ಪುಕ್ಕಟೆ ಪಾಠ ಬಿಟ್ಟು ಹೋಗುತ್ತಾರೆ. 'ಇಲ್ಲಿ ನೀವು ಏನಕ್ಕ ಹೆದರಿದ್ರಿ?' ಎಂದು ಕೇಳಿ. ಬಹಳ ಸಲ ಅವರು ಹೆದರಿದ ನಡೆ ನಿಮ್ಮ ತಲೆಗೆ ಹೊಳೆದೇ ಇರುವುದಿಲ್ಲ.

ಮನೆಗೆ ಬಂದ ಮೇಲೆ ಸ್ಟಾಕ್‌ಫಿಶ್ ಎಂಬ ಎಂಜಿನ್ (ನಡೆಗಳ ಲೆಕ್ಕ ಹಾಕುವ ಸಾಫ್ಟ್‌ವೇರ್) ಚಾಲೂ ಮಾಡುವ ಕೈಯನ್ನು ಎರಡು ದಿನ ತಡೆಯಿರಿ. ಎಂಜಿನ್ ಹಾಕಿದ ಕೂಡಲೇ ಕೆಂಪು ಗುರುತು ಕಾಣುತ್ತದೆ, 'ಓ, ಅದಾ' ಎನ್ನುತ್ತೇವೆ, ಮರೆಯುತ್ತೇವೆ. ಮೊದಲು ಬೋರ್ಡು ಹಾಸಿ, ಸ್ಕೋರ್‌ಶೀಟ್ ಪಕ್ಕಕ್ಕಿಟ್ಟು, ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಯಾವ ನಡೆಯಲ್ಲಿ ಆಟ ತಿರುಗಿತು ಎಂದು ನಿಮಗನ್ನಿಸುತ್ತದೆ, ಆಗ ತಲೆಯಲ್ಲಿ ಏನಿತ್ತು, ಗಡಿಯಾರದಲ್ಲಿ ಎಷ್ಟಿತ್ತು. ಆಡುವಾಗಲೇ ಸ್ಕೋರ್‌ಶೀಟಿನಲ್ಲಿ ಐದೈದು ನಡೆಗೊಮ್ಮೆ ಉಳಿದ ಸಮಯ ಬರೆಯುವುದಕ್ಕೆ ನಿಯಮದಲ್ಲಿ ಅಡ್ಡಿಯಿಲ್ಲ; ಈಗ ಅದು ಉಪಯೋಗಕ್ಕೆ ಬರುತ್ತದೆ.

ಆಮೇಲೆ ಎಂಜಿನ್. ಅದು ನಿಮ್ಮ ಊಹೆಯ ನಡೆಯನ್ನೇ ತೋರಿಸಿದರೆ ನಿಮ್ಮ ಕಣ್ಣು ಸರಿಯಿದೆ, ಕೈ ತಪ್ಪಿದೆ. ಬೇರೆಯದನ್ನು ತೋರಿಸಿದರೆ ಕಣ್ಣೇ ತಪ್ಪಿದೆ. ಎರಡಕ್ಕೂ ಔಷಧ ಬೇರೆ. ಎಂಡ್‌ಗೇಮ್‌ನಲ್ಲಿ ಎಂಜಿನ್ +1.5 (ಒಂದೂವರೆ ಪ್ಯಾದೆಯಷ್ಟು ಮುಂದೆ) ಎಂದರೆ ಗೆಲುವು ಎಂದು ನಂಬಬೇಡಿ. ಅಂಥ ಎಷ್ಟೋ ಆನೆ ಆಟಗಳು ಡ್ರಾ. ರಾಜರೂ ಸೇರಿ ಒಟ್ಟು ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿ ಉಳಿದಿದ್ದರೆ ಅಂದಾಜೇ ಬೇಕಿಲ್ಲ. ಸಿಜಿಜಿ ಟೇಬಲ್‌ಬೇಸ್ ಎಂಬ ಸ್ಥಿತಿಗಳ ಕೋಶದಲ್ಲಿ ಅವುಗಳ ಲೆಕ್ಕ ಪೂರ್ತಿ ಮುಗಿದಿದೆ, ಲಿಚೆಸ್ ವೆಬ್‌ಸೈಟಿನ ಅನಾಲಿಸಿಸ್ ಬೋರ್ಡಿನಲ್ಲಿ ಪುಕ್ಕಟೆ ಸಿಗುತ್ತದೆ. ಪ್ರತಿ ನಡೆಯ ಮುಂದೆ ಗೆಲುವು, ಡ್ರಾ, ಸೋಲು ಎಂದು ತೋರಿಸುತ್ತದೆ. ಅದರ ಮುಂದೆ ವಾದವಿಲ್ಲ, ಆದರೆ ಅದು ಕಾರಣ ಹೇಳುವುದಿಲ್ಲ. ಕಾರಣವನ್ನು ನೀವೇ ಒಂದು ಸಾಲಿನ ಕನ್ನಡದಲ್ಲಿ ಬರೆಯಬೇಕು. 'ಪ್ಯಾದೆ ಆರಕ್ಕೆ ಬಂತು, ಆನೆ ಕೆಳಗೆ' ಎಂದು ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿದೆ.

ಪ್ರತಿ ತಪ್ಪಿನ ಮುಂದೆ ಒಂದು ಅಕ್ಷರ ಹಾಕಿ: ಗೊತ್ತಿರಲಿಲ್ಲ ಎಂದರೆ 'ಗೊ', ಎಣಿಕೆ ತಪ್ಪಿತೆಂದರೆ 'ಎ', ಸಮಯ ಇರಲಿಲ್ಲ ಎಂದರೆ 'ಸ', ಗಾಬರಿ ಎಂದರೆ 'ಗಾ'. ಹತ್ತು ಆಟ ಆದ ಮೇಲೆ ಎಣಿಸಿ. ನನ್ನಲ್ಲಿ 'ಗೊ' ಹೆಚ್ಚಿರುತ್ತದೆ ಅಂದುಕೊಂಡಿದ್ದೆ, ಹೆಚ್ಚು ಬಂದದ್ದು 'ಸ'. ಅದಕ್ಕೇ ಮೇಲೆ ಆ 20 ನಿಮಿಷದ ಗಂಟಿನ ಮಾತು ಅಷ್ಟು ಉದ್ದ ಹೇಳಿದ್ದು.

ಕೊನೆಯದಾಗಿ ಅಭ್ಯಾಸದ ಬಗೆ. ಒಬ್ಬ ಜೊತೆಗಾರನನ್ನು ಹಿಡಿಯಿರಿ, ಅವನ ರೇಟಿಂಗ್ ಎಷ್ಟಾದರೂ ಇರಲಿ. ನಿಮ್ಮ ನೋಟ್‌ಬುಕ್ಕಿನ ಒಂದು ಸ್ಥಿತಿ ಇಟ್ಟು, ಇಬ್ಬರಿಗೂ ಐದೈದು ನಿಮಿಷ ಕೊಟ್ಟು ಆಡಿ. ಮುಗಿದ ಮೇಲೆ ಕಡೆ ಬದಲಿಸಿ ಮತ್ತೆ ಆಡಿ. ಉಳಿಸಿಕೊಳ್ಳುವ ಕಡೆಯಿಂದ ಆಡಿದಾಗಲೇ ಗೆಲ್ಲುವ ಕಡೆಯ ಕಷ್ಟ ತಿಳಿಯುವುದು. ಜೊತೆಗಾರ ಸಿಗದಿದ್ದರೆ ಲಿಚೆಸ್‌ನಲ್ಲಿ ಸ್ಥಿತಿ ಇಟ್ಟು ಸ್ಟಾಕ್‌ಫಿಶ್ ಎದುರು ಆಡಿ, ಆದರೆ ನಿಮ್ಮ ಮುಂದೆ ನಿಜವಾದ ಬೋರ್ಡು ಇರಲಿ, ಪ್ರತಿ ನಡೆಯನ್ನೂ ಅದರ ಮೇಲೆ ಆಡಿಯೇ ಮೊಬೈಲಿಗೆ ಒತ್ತಿ. ಮೊದಲ ಸಂಜೆಗೆ ಫಿಲಿಡೋರ್ ಇಡಿ, ಕರಿ ನಿಮ್ಮದು, ಪ್ಯಾದೆ ಇ5ರಲ್ಲಿ, ಬಿಳಿಯ ಸರದಿ. 50 ನಡೆ ತಡೆದು ನಿಂತ ಮೇಲೆ ಬೋರ್ಡು ತಿರುಗಿಸಿ.